ಬಣ್ಣದಕ್ಕ ನೋಡಿಬಂದ ಕಾಲೇಜು

ಬಣ್ಣದ ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದುದು ಬಣ್ಣದಕ್ಕ ಎಂದೇ. ಓದಿದ್ದು ಎಂಜಿನಿಯರಿಂಗ್, ಕೆಲಸ ಶಿಫ್ಟ್ ಮ್ಯಾನೇಜರ್. ತೊಟ್ಟಿಗಳಲ್ಲಿ ಬಣ್ಣದ ಹದ ಕೆಡದಂತೆ, ತೊಟ್ಟಿಯ ಸುತ್ತ ನಿಂತವರ ತಲೆ ಕೆಡದಂತೆ ನೋಡಿಕೊಳ್ಳಬೇಕು. ಎಷ್ಟು ಉಜ್ಜಿದರೂ ಉಗುರಿನ ಸಂದಿಯಲ್ಲಿ ನೀಲಿಯೋ ಹಸಿರೋ ಉಳಿದೇ ಇರುತ್ತಿತ್ತು.

ಒಮ್ಮೆ ಊಟದ ಬಿಡುವಿನಲ್ಲಿ ಫೋನಿನಲ್ಲಿ ಒಂದು ಪಾಠ ಕೇಳಿದಳು. ಹೊರದೇಶದ ಬಿಸಿನೆಸ್ ಸ್ಕೂಲೊಂದರ ಮುದುಕ ಪ್ರೊಫೆಸರು, ಚೆನ್ನಾಗಿ ನಡೆಯುತ್ತಿದ್ದ ಕಾರ್ಖಾನೆಯೊಂದು ಯಾಕೆ ಮುಚ್ಚಿತು ಎಂದು ವಿವರಿಸುತ್ತಿದ್ದರು. ತಾನು ದಿನಾ ಕಾಣುವುದನ್ನೇ ಅವರು ಹೇಳುತ್ತಿದ್ದರು, ಆದರೆ ಅದು ಹೀಗೂ ಅರ್ಥವಾಗಬಹುದೆಂದು ಅವಳಿಗೆ ಹೊಳೆದೇ ಇರಲಿಲ್ಲ. ಡಬ್ಬಿಯ ಊಟ ಆರಿಹೋಯಿತು. ಅಂದು ಹತ್ತಿದ ಹುಚ್ಚು ಮತ್ತೆ ಬಿಡಲಿಲ್ಲ. ಓದಿದರೆ ಅಲ್ಲೇ ಓದಬೇಕು.

ಮೊದಲ ವರ್ಷ ಅರ್ಜಿ ಹಾಕಿದಳು, ಆಗಲಿಲ್ಲ. ಮರುವರ್ಷವೂ ಅಷ್ಟೆ. ದಾರಿ ಕೇಳೋಣವೆಂದು ಸಲಹೆಗಾರರೊಬ್ಬರ ಬಳಿ ಹೋದಳು. ಆತ ಬೆಣ್ಣೆ ಹಚ್ಚುವ ಮನುಷ್ಯನಲ್ಲ.

"ನೋಡಿ ಮೇಡಂ, ಭಾರತದಿಂದ ಅರ್ಜಿ ಹಾಕೋರಲ್ಲಿ ಎಂಜಿನಿಯರ್‌ಗಳದ್ದೇ ಸಂತೆ. ಎಲ್ಲರ ಮಾರ್ಕ್ಸೂ ಚೆನ್ನಾಗೇ ಇರುತ್ತೆ. ನಿಮಗೆ ಪೈಪೋಟಿ ಹೊರಗಿನವರದ್ದಲ್ಲ, ನಿಮ್ಮಂಥವರದ್ದೇ. ಅದೂ ಅಲ್ದೆ ವಯಸ್ಸೂ..." ಎಂದು ಮಾತು ನುಂಗಿದ.

ಮೂರನೆಯ ಸಲ ಇಂಟರ್‌ವ್ಯೂಗೆ ಕರೆ ಬಂತು. ಆಮೇಲೆ ಉತ್ತರವೂ ಬಂತು: ಇಲ್ಲ ಎನ್ನುತ್ತಿಲ್ಲ, ಹೌದು ಎನ್ನುವುದಕ್ಕೂ ಆಗುತ್ತಿಲ್ಲ, ಯಾರಾದರೂ ಸೀಟು ಬಿಟ್ಟರೆ ತಿಳಿಸುತ್ತೇವೆ.

"ಹುಡುಗಿ ಒಪ್ಪಿಗೆ ಅಂತಾನೂ ಹೇಳಲ್ಲ, ಬೇಡ ಅಂತಾನೂ ಹೇಳಲ್ಲ. ಇದೆಂಥ ಗಂಡಿನ ಕಡೆಯವರು ಕಣೇ?" ಎಂದು ಮನೆಯಲ್ಲಿ ಅತ್ತೆ ಮೂಗಿನ ಮೇಲೆ ಬೆರಳಿಟ್ಟರು.

ಆ ಬೇಸಿಗೆಯಿಡೀ ಅವಳು ಕಣ್ಣಲ್ಲಿ ಕಣ್ಣಿಟ್ಟು ಕಾದಳು. ಭಾನುವಾರ ಬಟ್ಟೆ ಒಗೆಯುವ ಮಿಷನ್ ತಿರುಗುತ್ತಿರುವಾಗ ಫೋನಿನ ನಕ್ಷೆಯಲ್ಲಿ ಆ ಊರಿನ ಬೀದಿಗಳಲ್ಲಿ ಓಡಾಡುವಳು. ಕಾಲುವೆಯ ಸೇತುವೆ ದಾಟಿ, ಬೇಕರಿಯ ಬಳಿ ಎಡಕ್ಕೆ ತಿರುಗಿದರೆ ಕಾಲೇಜಿನ ಇಟ್ಟಿಗೆ ಗೋಡೆ. "ಎಲ್ಲಿಗೆ ಹೊರಟಿತು ಸವಾರಿ?" ಎಂದು ಶಾಲೆಯಲ್ಲಿ ಆಟದ ಮೇಷ್ಟ್ರಾಗಿದ್ದ ಗಂಡ ಕೇಳಿದರೆ, "ಸುಮ್ನಿರಿ, ಕ್ಲಾಸಿಗೆ ಲೇಟಾಯ್ತು," ಎನ್ನುವಳು. ಇಬ್ಬರೂ ನಗುವರು. ಕಾಲೇಜು ಶುರುವಾಗುವ ವಾರ, ಈ ವರ್ಷ ಸಾಧ್ಯವಿಲ್ಲ ಎಂದು ಎರಡು ಸಾಲು ಬಂದವು. ಅಂದು ಅವನೇ ಬಟ್ಟೆ ಹರವಿದ.

ವಿಧಿಯ ತಮಾಷೆ ನೋಡಿ. ಚಳಿಗಾಲದಲ್ಲಿ ಬಣ್ಣ ಕಲೆಸುವ ಹೊಸ ಯಂತ್ರವನ್ನು ಪರೀಕ್ಷಿಸಿ ಬರಲು ಕಾರ್ಖಾನೆ ಅವಳನ್ನೇ ಕಳಿಸಿತು. ಯಂತ್ರ ತಯಾರಾಗುತ್ತಿದ್ದುದು ಅದೇ ಊರಿನಲ್ಲಿ.

ಕೆಲಸ ಮುಗಿದ ಮಧ್ಯಾಹ್ನ, ಯಾರನ್ನೂ ದಾರಿ ಕೇಳದೆ ನಡೆದಳು. ಸೇತುವೆ ಇತ್ತು. ಬೇಕರಿ ಇರಲಿಲ್ಲ, ಅಲ್ಲೊಂದು ಔಷಧಿ ಅಂಗಡಿ ಕೂತಿತ್ತು. ಕಾಲೇಜಿನ ಮೆಟ್ಟಿಲ ಮೇಲೆ ನಿಂತು ಗಂಡನಿಗೆ ಫೋನ್ ಮಾಡಿ, "ಬಂದುಬಿಟ್ಟೆ ರೀ," ಎಂದಳು. ಅಷ್ಟು ಹೇಳಿ ಫೋನ್ ಇಟ್ಟಳು.

"ಕನ್ನಡದವರಾ ಅಕ್ಕಾ?" ಬೆನ್ನ ಹಿಂದೆ ದನಿ. ಹೆಗಲಿಗೆ ಚೀಲ ಹಾಕಿಕೊಂಡ ಹುಡುಗಿ. "ಫಸ್ಟ್ ಇಯರಾ? ನಾನು ನೋಡೇ ಇಲ್ವಲ್ಲ ನಿಮ್ಮನ್ನ!"

"ಹೂಂ," ಎಂದುಬಿಟ್ಟಳು ಬಣ್ಣದಕ್ಕ.

ಕನ್ನಡ ಕಿವಿಗೆ ಬಿದ್ದ ಖುಷಿಯಲ್ಲಿ ಹುಡುಗಿ ಬಡಬಡನೆ ಮಾತಾಡಿದಳು. ತಾನು ಕಾಯುವವರ ಸಾಲಿನಲ್ಲಿ ಇದ್ದದ್ದು, ಕೊನೇ ಗಳಿಗೆಯಲ್ಲಿ ಸೀಟು ಸಿಕ್ಕಿದ್ದು, ಹಾಸಿಗೆ ಕೊಳ್ಳುವುದಕ್ಕೂ ಪುರಸೊತ್ತಿಲ್ಲದೆ ವಿಮಾನ ಹತ್ತಿದ್ದು. ಬಣ್ಣದಕ್ಕ ಅವಳ ಮಾತನ್ನು ನಡುವೆಯೇ ತಡೆದಳು.

"ಸುಳ್ಳು ಹೇಳ್ದೆ ಕಣಮ್ಮ. ನಾನು ಇಲ್ಲಿಯವಳಲ್ಲ. ನನಗೆ ಸೀಟು ಸಿಗಲಿಲ್ಲ."

ಹುಡುಗಿಯ ಮುಖ ಸಪ್ಪಗಾಯಿತು. ತಾನು ಹೇಳಿದ್ದೆಲ್ಲ ಈಗ ಅವಳಿಗೇ ಚುಚ್ಚಿರಬೇಕು. "ಈಗೊಂದು ಕ್ಲಾಸಿದೆ. ಹೊರಗಿನವರೂ ಕೂತ್ಕೋಬಹುದು, ನಾನು ಪ್ರೊಫೆಸರ್‌ಗೆ ಹೇಳ್ತೀನಿ. ಬನ್ನಿ ಅಕ್ಕಾ," ಎಂದು ಕೈಹಿಡಿದಳು.

ಪಾಠ ಮಾಡಿದ್ದು ಆ ಮುದುಕ ಪ್ರೊಫೆಸರಲ್ಲ, ಬೇರೆ ಯಾರೋ. ಆದರೂ ಅವಳು ಹಿಂದಿನ ಸಾಲಿನಲ್ಲಿ ಮೈಯೆಲ್ಲ ಕಿವಿಯಾಗಿ ಕೂತಳು. ಒಬ್ಬ ಪ್ರಶ್ನೆ ಕೇಳಿದ, ಇನ್ನೊಬ್ಬಳು ಅದನ್ನು ಒಪ್ಪಲಿಲ್ಲ, ಮೂರನೆಯವನು ಎಲ್ಲರನ್ನೂ ನಗಿಸಿದ. ಅವಳ ನಾಲಿಗೆಯ ತುದಿಗೂ ಒಂದು ಮಾತು ಬಂತು. ಕೈ ಅರ್ಧ ಎತ್ತಿ, ಮತ್ತೆ ತೊಡೆಯ ಮೇಲಿಟ್ಟುಕೊಂಡಳು.

ಮನೆಗೆ ಬಂದ ದಿನ ಅತ್ತೆ ಪಕ್ಕದಲ್ಲಿ ಕೂರಿಸಿಕೊಂಡು ಎಲ್ಲವನ್ನೂ ಕೇಳಿದರು.

"ಹೋಗ್ಲಿ ಬಿಡು, ಕಣ್ಣಾರೆ ನೋಡ್ಕೊಂಡಾದ್ರೂ ಬಂದ್ಯಲ್ಲ. ಈಗ ಸಮಾಧಾನ ಆಯ್ತಾ?"

"ಇಲ್ಲ ಅತ್ತೆ. ಅಲ್ಲೇನು ಮಹಾ ಇರುತ್ತೆ ಅಂತ ಇಷ್ಟು ದಿನ ನನಗೆ ನಾನೇ ಹೇಳ್ಕೊಳ್ತಿದ್ದೆ. ಇನ್ನು ಹಾಗೆ ಹೇಳ್ಕೊಳ್ಳೋಕೂ ಆಗಲ್ಲ."

ಅತ್ತೆ ಅವಳ ಕೈಯನ್ನು ತಮ್ಮ ಮಡಿಲಲ್ಲಿ ಇಟ್ಟುಕೊಂಡರು. ಆ ವರ್ಷ ಅವಳು ಅರ್ಜಿ ಹಾಕಲಿಲ್ಲ, ಅದರ ಮರುವರ್ಷವೂ ಹಾಕಲಿಲ್ಲ. ಆದರೆ ಊಟದ ಬಿಡುವಿನಲ್ಲಿ ಅವಳ ಜೊತೆ ಕೂತವರು ಹೇಳುತ್ತಾರೆ, ಮಾತಿನ ನಡುವೆ ಬಣ್ಣದಕ್ಕ ಇದ್ದಕ್ಕಿದ್ದಂತೆ ಎಲ್ಲಿಗೋ ಹೋಗಿಬಿಡುತ್ತಾಳೆ, ಎರಡು ಸಲ ಕೂಗಿದರೇನೇ ತಿರುಗಿ ಬರುವುದು ಎಂದು.