ಕಸ್ತೂರಕ್ಕ ಚೆನ್ನಾಗಿ ನಡೆದ ದಿನ

ಕಸ್ತೂರಕ್ಕ ತಮ್ಮ ಬಲಗಾಲನ್ನು ಸೊಸೆ ಎಂದೂ ಎಡಗಾಲನ್ನು ಅಳಿಯ ಎಂದೂ ಕರೆಯುತ್ತಿದ್ದರು. ಸೊಸೆ ದಿನವಿಡೀ ದುಡಿಯುತ್ತಾಳೆ, ಬೈಸಿಕೊಂಡರೂ ಹೆಜ್ಜೆ ಎತ್ತಿ ಇಡುತ್ತಾಳೆ. ಅಳಿಯನಿಗೆ ಮಾತ್ರ ಮನಸ್ಸು ಬರಬೇಕು. ಠಾಣೆ ರೈಲ್ವೆ ಸ್ಟೇಷನ್ನಿನ ಮೇಲ್ಸೇತುವೆಯ ಮಧ್ಯೆ, ಆಫೀಸಿಗೆ ಓಡುವವರೆಲ್ಲ ಮೈಮೇಲೆ ಬಂದು ಬೀಳುವ ಹೊತ್ತಿನಲ್ಲಿ, ಕಂಬಿ ಹಿಡಿದು ನಿಂತು ಗಟ್ಟಿಯಾಗಿ ಬೈಯುತ್ತಿದ್ದರು: "ಏಳಪಾ ಅಳಿಯ, ಏಳು. ಹೋಳಿಗಿ ಮಾಡಿ ಬಡಸಬೇಕೇನು ನಿನಗ? ಗಾಡಿ ಹೋಗ್ತದ, ಏಳು ಮಾರಾಯ." ಜನ ತಿರುಗಿ ನೋಡುತ್ತಿದ್ದರು. ನೋಡಿದವರಿಗೂ ಒಂದು ಬೈಗುಳ ಸಿಗುತ್ತಿತ್ತು, ಅದು ಹಿಂದಿಯಲ್ಲಿ.

ಕುತ್ತಿಗೆಗೆ ಸದಾ ಒಂದು ಒದ್ದೆ ಟವೆಲ್, ಕೈಚೀಲದಲ್ಲಿ ಬರ್ಫದ ನೀರಿನ ಬಾಟಲಿ, ಇಳಕಲ್ ಸೀರೆಯ ನೆರಿಗೆ ಕಾಲಿಗೆ ತೊಡರದಂತೆ ಒಂದು ಗೇಣು ಮೇಲೆ. ಊರು ಆಳಂದದ ಕಡೆ, ಇರುವುದು ಬದಲಾಪುರದ ಒಂದು ಚಾಳಿನ ಒಂಟಿ ಕೋಣೆಯಲ್ಲಿ, ಒಬ್ಬರೇ.

ನಾನು ಅವರನ್ನು ಮೊದಲು ಕಂಡದ್ದು ಲೋಕಲ್ ರೈಲಿನ ಅಂಗವಿಕಲರ ಡಬ್ಬಿಯಲ್ಲಿ. ನನಗಾಗ ಮೂವತ್ತೊಂದು. ಉಡುಪಿ ಕಡೆಯವರ ಮಗಳು, ಮನೆ ಡೊಂಬಿವಲಿ, ಕೆಲಸ ಠಾಣೆಯ ಒಂದು ವಿಮೆ ಕಚೇರಿಯಲ್ಲಿ. ಕೆಲವು ತಿಂಗಳ ಹಿಂದೆ ಬಲಗಣ್ಣು ಮಂಜಾಗಿ, ಆಮೇಲೆ ಸೊಂಟದಿಂದ ಕೆಳಗೆ ಜೋಮು ಹಿಡಿದು, ಎಂ.ಆರ್.ಐ. ತೆಗೆಸಿ, ಡಾಕ್ಟರು ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದಿದ್ದರು. ಆ ದಿನ ಮಹಿಳೆಯರ ಡಬ್ಬಿಯ ನೂಕಾಟದಲ್ಲಿ ನಿಲ್ಲುವ ಶಕ್ತಿ ಇರಲಿಲ್ಲ. ಡಾಕ್ಟರ ಚೀಟಿಯನ್ನು ಬ್ಯಾಗಿನಲ್ಲಿಟ್ಟುಕೊಂಡು, ಕಳ್ಳಿಯ ಹಾಗೆ, ಆ ಡಬ್ಬಿ ಹತ್ತಿದೆ. ಬಾಗಿಲ ಬಳಿ ಕೈಕಾಲು ಗಟ್ಟಿಯಾಗಿಯೇ ಇದ್ದ ಒಬ್ಬ ಮನುಷ್ಯ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಮ್ಯಾಡಮ್, ಆಪ್ ಕೋ ಕ್ಯಾ ಹುವಾ? ದಿಖ್ತಾ ತೋ ಕುಛ್ ನಹೀಂ" ಎಂದ. ಏನೂ ಕಾಣಿಸುವುದಿಲ್ಲವಲ್ಲ ಅಂತ. ನಾನು ಬ್ಯಾಗಿನ ಜಿಪ್ಪು ಎಳೆಯುತ್ತಿರುವಾಗ ಕಿಟಕಿಯ ಕಡೆಯಿಂದ ಒಂದು ದನಿ ಬಂತು: "ತೇರಾ ಅಕಲ್ ಭೀ ನಹೀಂ ದಿಖ್ತಾ. ಹಮ್ ಪೂಛಾ ಕ್ಯಾ?"

ನಿನ್ನ ಬುದ್ಧಿಯೂ ಕಾಣಿಸುವುದಿಲ್ಲ, ನಾವು ಕೇಳಿದೆವಾ ಅಂತ. ಡಬ್ಬಿ ನಕ್ಕಿತು. ನಾನು "ಅಯ್ಯೋ ದೇವರೇ" ಎಂದುಕೊಂಡದ್ದು ಅವರಿಗೆ ಕೇಳಿಸಿತು. "ಕನ್ನಡದಾಕಿ ಏನು? ಬಾ ತಂಗಿ, ಕೂಡು. ಮದಲ ಕೂಡು, ಆಮ್ಯಾಲ ಅಳು," ಎಂದು ಸರಿದು ಜಾಗ ಮಾಡಿಕೊಟ್ಟರು. ಕಲ್ವಾ ದಾಟುವಷ್ಟರಲ್ಲಿ ಅವರಿಗೂ ಅದೇ ಕಾಯಿಲೆ ಎಂದು ಗೊತ್ತಾಯಿತು. ಅದನ್ನು ಅವರು ಎಮ್ಮೆಸ್ಸು ಎನ್ನುತ್ತಿದ್ದರು. ನನ್ನ ಡಾಕ್ಟರು ಅರ್ಧ ಗಂಟೆ ಚಿತ್ರ ಬರೆದು ವಿವರಿಸಿದ್ದನ್ನು ಅವರು ಒಂದೇ ಮಾತಿನಲ್ಲಿ ಹೇಳಿದರು: "ವಾಯರ್ ಮ್ಯಾಲಿನ ಪ್ಲಾಸ್ಟಿಕ್ ಇಲಿ ತಿಂತದಲ್ಲ, ಹಂಗ. ಬಲ್ಬು ಚಲೋನೇ ಅದ, ಬಟನ್ನೂ ಚಲೋನೇ ಅದ. ನಡುವ ವಾಯರ್ ಹೋಗ್ಯದ. ಇಲಿ ಎಲ್ಲಿಂದ ಬಂತು ಅಂದಿ? ನಮ್ಮ ಮನೀದೇ."

ಅವರು ಉಲ್ಹಾಸನಗರದ ಒಂದು ಕಾರ್ಖಾನೆಯಲ್ಲಿ ಜೀನ್ಸ್ ಪ್ಯಾಂಟು ಹೊಲಿಯುತ್ತಿದ್ದರಂತೆ. ಒಂದು ದಿನ ಸೂಜಿ ಬೆರಳೊಳಗೆ ಇಳಿದದ್ದು ರಕ್ತ ನೋಡಿದ ಮೇಲೆ ಗೊತ್ತಾಯಿತು. ಆಮೇಲೆ ನಡೆಯುವಾಗ ಓಲಾಡತೊಡಗಿದರು. ಮೇಸ್ತ್ರಿ, ಈ ಹೆಂಗಸು ಹಗಲಲ್ಲೇ ಕುಡಿದು ಬರುತ್ತಾಳೆ ಎಂದು ಕೆಲಸದಿಂದ ತೆಗೆದ. ಮನೆಗೆ ಬಂದರೆ ಗಂಡ ಹತ್ತಿರ ಬಂದು ಬಾಯಿ ಮೂಸಿ ನೋಡಿದ. "ಮೂಸಿದ ನೋಡು ತಂಗಿ, ಅವತ್ತೇ ಆತ ನನಗ ಗಂಡ ಅಲ್ಲ," ಎನ್ನುತ್ತಿದ್ದರು. ಆತ ಮುಂದೆ ಊರಿಗೆಂದು ಹೋದವನು ತಿರುಗಿ ಬರಲೇ ಇಲ್ಲ. ರೋಗಕ್ಕೆ ಹೆಸರು ಸಿಗಲು ಮತ್ತೂ ನಾಲ್ಕು ವರ್ಷ ಹಿಡಿಯಿತು. ಸೂಜಿ ಹಿಡಿಯಲಾಗದ ಮೇಲೆ ಠಾಣೆಯ ಕೋಪರಿಯಲ್ಲಿ ಚಪಾತಿ ಪಲ್ಯ ಮಾರುವ ಒಂದು ಪೋಳಿಭಾಜಿ ಕೇಂದ್ರದಲ್ಲಿ ಜೋಳದ ರೊಟ್ಟಿ ಬಡಿಯುವ ಕೆಲಸ ಹಿಡಿದರು. "ರೊಟ್ಟಿಗಿ ಬೆರಳು ಬ್ಯಾಡ, ಅಂಗೈ ಸಾಕು." ಒಲೆಯ ಶಾಖ ಅವರಿಗೆ ಆಗುವುದಿಲ್ಲ. ಅಂಗಡಿಯ ಮಾಲಕಿ ಮರಾಠಿ ಹೆಂಗಸು, ತಿಳಿದವಳು. ಬಾಗಿಲ ಪಕ್ಕ ಗಾಳಿಗೆ ಮಣೆ ಹಾಕಿಕೊಟ್ಟು, ಬೇಯಿಸುವುದಕ್ಕೆ ಬೇರೆಯವರನ್ನು ಇಟ್ಟಿದ್ದಳು.

ಈ ಶಾಖದ ವಿಷಯ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆ ವರ್ಷದ ನರಕ ಚತುರ್ದಶಿಗೆ ಅಮ್ಮ, "ಎಣ್ಣೆ ಹಚ್ಚಿ ಬಿಸಿನೀರು ಸಮಾ ಹೊಯ್ದರೆ ನರ ಎಲ್ಲ ಸಡಿಲ ಆಗ್ತದೆ ಮಗಾ" ಎಂದು ಅಕ್ಕರೆಯಿಂದ ಹಂಡೆಗಟ್ಟಲೆ ಹೊಯ್ದರು. ನರಗಳು ಎಷ್ಟು ಸಡಿಲವಾದವೆಂದರೆ ನಾನು ಬಚ್ಚಲ ಮಣೆಯಿಂದ ಏಳಲೇ ಇಲ್ಲ. ಕಣ್ಣು ಕತ್ತಲೆ, ಕಾಲು ಎರಡೂ ಬೇರೆ ಯಾರದೋ. ಅಮ್ಮ ಅಳುತ್ತಾ ನನ್ನ ಫೋನಿನಿಂದ ಕಸ್ತೂರಕ್ಕನಿಗೆ ಫೋನ್ ಮಾಡಿದರು. ಹಬ್ಬದ ದಿನ ಎಂದೂ ನೋಡದೆ ಕಸ್ತೂರಕ್ಕ ಬೈದರು: "ಅವ್ವಾರ, ನಿಮ್ಮ ಎಣ್ಣಿ ನೀರು ಬಾಣಂತಿಗಿ ಚಲೋ. ಎಮ್ಮೆಸ್ಸಿಗಿ ವಿಷ ಅದು. ಕುತ್ತಿಗಿಗಿ ತಣ್ಣನ ಟವಲ್ ಹಾಕ್ರಿ, ಪಂಖಾ ಹಚ್ರಿ, ಸುಮ್ನ ಕೂಡ್ರಿ." ಒಂದು ತಾಸಿನಲ್ಲಿ ಕಾಲುಗಳು ಮರಳಿ ಬಂದವು. ಅಂದಿನಿಂದ ಅಮ್ಮನಿಗೆ ಕಸ್ತೂರಕ್ಕನ ಮಾತೆಂದರೆ ವೇದವಾಕ್ಯ.

ನಮ್ಮಂಥವರು ಐದಾರು ಮಂದಿ ಅವರ ಸುತ್ತ ಸೇರಿದ್ದೆವು, ಕಲ್ಯಾಣದ ಒಬ್ಬ ಕಾಲೇಜು ಹುಡುಗಿಯಿಂದ ಹಿಡಿದು ಐರೋಲಿಯ ಒಬ್ಬ ನಿವೃತ್ತ ಮೇಷ್ಟ್ರ ತನಕ. ಯಾರಿಗೆ ಹೊಸ ಇಂಜೆಕ್ಷನ್, ಯಾರಿಗೆ ಮನೆಯವರ ಕಾಟ, ಎಲ್ಲ ಅವರ ಕಿವಿಗೆ ಬರುತ್ತಿತ್ತು. ಈ ಕಾಯಿಲೆಯಲ್ಲಿ ಮೂತ್ರ ಬಂತೆಂದರೆ ತಡೆಯಲಾಗುವುದಿಲ್ಲ. ಅದನ್ನು ಯಾರ ಹತ್ತಿರ ಹೇಳಿಕೊಳ್ಳುವುದು? ಕರ್ಜತಿನಿಂದ ಠಾಣೆಯವರೆಗೆ ಯಾವ ಸ್ಟೇಷನ್ನಿನ ಯಾವ ಶೌಚಾಲಯಕ್ಕೆ ಬೀಗ ಇರುವುದಿಲ್ಲ ಎಂಬುದು ಕಸ್ತೂರಕ್ಕನಿಗೆ ಬಾಯಿಪಾಠವಾಗಿತ್ತು. ಬೀಗ ಕಂಡಲ್ಲಿ ಸ್ಟೇಷನ್ ಮಾಸ್ತರರ ಕೋಣೆಗೇ ನುಗ್ಗಿ, "ಚಾವಿ ಕೊಡ್ರಿ, ಇಲ್ಲಾಂದ್ರ ಇಲ್ಲೇ" ಎನ್ನುತ್ತಿದ್ದರು. ಚಾವಿ ಸಿಗುತ್ತಿತ್ತು.

ಇಷ್ಟೆಲ್ಲ ಗಟ್ಟಿಗಿತ್ತಿಯ ಬದುಕು ನಿಂತಿದ್ದುದು ಒಂದು ಹಾಳೆಯ ಮೇಲೆ. ಅಂಗವೈಕಲ್ಯದ ಸರ್ಟಿಫಿಕೇಟು. ಅದಿದ್ದರೆ ಆ ಡಬ್ಬಿ, ಆ ಡಬ್ಬಿ ಇದ್ದರೆ ಕೋಪರಿಯ ಕೆಲಸ, ಕೆಲಸ ಇದ್ದರೆ ಬದಲಾಪುರದ ಕೋಣೆ. ಮೊದಲ ಸಲ ಅವರನ್ನು ನೆರೆಯವರು ಸರ್ಕಾರಿ ಆಸ್ಪತ್ರೆಯ ವೈದ್ಯರ ಮಂಡಳಿಯ ಮುಂದೆ ಹೊತ್ತುಕೊಂಡು ಹೋಗಿದ್ದರಿಂದ ಕೊಟ್ಟಿದ್ದರು, ಆದರೆ ತಾತ್ಕಾಲಿಕ ಎಂದು ಬರೆದು. ಈ ಕಾಯಿಲೆ ಪೂರ್ತಿ ವಾಸಿಯಾಗುವಂಥದ್ದಲ್ಲ ಎಂದು ಡಾಕ್ಟರುಗಳದೇ ಪುಸ್ತಕ ಹೇಳುತ್ತದೆ. ರೋಗಕ್ಕೆ ಮುಕ್ತಾಯವಿಲ್ಲ, ಸರ್ಟಿಫಿಕೇಟಿಗೆ ಇದೆ! ಯಾವ ಪುಣ್ಯಾತ್ಮ ಮಾಡಿದ ನಿಯಮವೋ, ಅವನ ಕಾಲಿಗೆ ಒಂದು ದಿನದ ಮಟ್ಟಿಗೆ ಆ ಜೋಮು ಹತ್ತಲಿ.

ಅವಧಿ ಮುಗಿದು ಮತ್ತೆ ವೈದ್ಯರ ಮಂಡಳಿಯ ಮುಂದೆ ಹೋಗಬೇಕಾಯಿತು. ಕಸ್ತೂರಕ್ಕ ಆಗಲೇ ಲೆಕ್ಕ ಹಾಕಿಟ್ಟಿದ್ದರು. "ಮಧ್ಯಾಹ್ನ ಹೋಗೂಣು ತಂಗಿ. ಸ್ಟೇಷನ್ ದಿಂದ ಬಿಸಿಲಾಗ ನಡಕೋತ. ಟವಲ್ ಬ್ಯಾಡ, ನೀರು ಬ್ಯಾಡ. ಅಳಿಯನ ಖರೇ ಗುಣ ಅವರೂ ನೋಡ್ಲಿ."

ನನಗೆ ಅದು ಹಿಡಿಸಲಿಲ್ಲ. ಈಗ ಬರೆಯಲು ನಾಚಿಕೆಯಾಗುತ್ತದೆ, ಆದರೆ ನಾನು ಹೇಳಿದ್ದು ಇದನ್ನೇ: "ಅದೆಲ್ಲ ನಾಟಕ ಆಗ್ತದೆ ಕಸ್ತೂರಕ್ಕ. ನಮ್ಮ ಹತ್ತಿರ ಎಂ.ಆರ್.ಐ. ಉಂಟು, ಫೈಲು ಉಂಟು. ಸರಿಯಾಗಿ ಹೋಗುವ, ಮರ್ಯಾದೆಯಲ್ಲಿ ಕೇಳುವ."

"ಫೈಲ್ ಯಾರು ಓದ್ತಾರ?" ಎಂದರು. ಆದರೂ ನನ್ನ ಮಾತಿಗೆ ಒಪ್ಪಿದರು. ಓದಿದವಳು, ವಿಮೆ ಕಚೇರಿಯವಳು, ಇವಳಿಗೆ ಕಾಗದ ಪತ್ರ ಗೊತ್ತಿರುತ್ತದೆ ಎಂದುಕೊಂಡಿರಬೇಕು. ಎರಡು ದಿನ ಮೊದಲೇ ಡೊಂಬಿವಲಿಗೆ ಕರೆಸಿಕೊಂಡೆ. ಅಮ್ಮ ಗಂಜಿ, ತಂಬುಳಿ, ಮಜ್ಜಿಗೆ ಮಾಡಿ ಬಡಿಸಿ, ಹಾಸಿಗೆಯಿಂದ ಏಳಗೊಡಲಿಲ್ಲ. ಆ ದಿನ ಬೆಳಿಗ್ಗೆ ಅಮ್ಮನದೇ ಒಂದು ಒಳ್ಳೆಯ ಸೀರೆ ಉಡಿಸಿ, ತಲೆ ಬಾಚಿ, ಎ.ಸಿ. ಟ್ಯಾಕ್ಸಿಯಲ್ಲಿ ಕೂರಿಸಿಕೊಂಡು ಹೋದೆವು. ಮದುವೆಗೆ ಹೊರಟವರ ಹಾಗಿದ್ದೆವು. ನಮ್ಮ ಮನೆಯಲ್ಲಿ ದೊಡ್ಡವರ ಮುಂದೆ ಹೋಗುವುದೆಂದರೆ ಹಾಗೆಯೇ, ಕಷ್ಟವನ್ನು ಮನೆಯಲ್ಲಿ ಬಿಟ್ಟು ಹೋಗಬೇಕು.

ಮಂಡಳಿಯ ಕೋಣೆಯೂ ತಂಪಾಗಿತ್ತು. ಮೂವರು ಡಾಕ್ಟರುಗಳಲ್ಲಿ ನಡುವೆ ಕೂತವರು ಫೈಲು ತೆರೆದು ನೋಡದೆ, "ನಡೆದು ತೋರಿಸಿ" ಎಂದರು. ಕಸ್ತೂರಕ್ಕ ಎದ್ದರು. ಗೋಡೆಯವರೆಗೆ ಹೋದರು, ತಿರುಗಿ ಬಂದರು. ಅಳಿಯ ಆ ದಿನ ಒಂದೂ ಹೆಜ್ಜೆ ತಪ್ಪಲಿಲ್ಲ. ಎರಡು ದಿನ ವಿಶ್ರಾಂತಿ, ಹೊಟ್ಟೆ ತುಂಬ ಊಟ, ತಂಪು ಗಾಳಿ, ಮತ್ತೇಕೆ ತಪ್ಪುತ್ತಾನೆ?

"ಛಾನ್ ಚಾಲತಾ ಕಿ ತುಮ್ಹಿ!" ಎಂದರು ಡಾಕ್ಟರು, ಚೆನ್ನಾಗಿ ನಡೆಯುತ್ತೀರಲ್ಲ ಅಂತ, ನಿಜಕ್ಕೂ ಖುಷಿಯಾದವರ ಹಾಗೆ. ನಾನು ಎದ್ದು ಶಾಖದ ವಿಷಯ ಹೇಳಲು ಹೊರಟೆ, ಎಂ.ಆರ್.ಐ. ಫಿಲ್ಮು ಎತ್ತಿ ಹಿಡಿದೆ. ಮುಂದಿನವರನ್ನು ಕರೆದಾಗಿತ್ತು. ಕಸ್ತೂರಕ್ಕ ಬಾಗಿಲಲ್ಲಿ ನಿಂತು ತಿರುಗಿ, "ಡಾಕ್ಟರ್ ಸಾಹೇಬ್, ಕೆಟ್ಟ ದಿನ ಮನಿಗಿ ಬರ್ರಿ, ಚಾ ಮಾಡ್ತೀನಿ" ಎಂದು ಅಚ್ಚ ಕನ್ನಡದಲ್ಲಿ ಹೇಳಿದರು. ಅಲ್ಲಿ ಯಾರಿಗೂ ಅರ್ಥವಾಗಲಿಲ್ಲ. ಅಂಗವೈಕಲ್ಯ ಶೇಕಡಾ ಮೂವತ್ತು ಎಂದು ಬರೆದರು. ನಲವತ್ತು ಇಲ್ಲದೆ ಆ ಹಾಳೆಯಿಂದ ಏನೂ ಸಿಗುವುದಿಲ್ಲ.

ಮರುಪರಿಶೀಲನೆಗೆ ಅರ್ಜಿ ಬರೆದೆ. ಒಂದಲ್ಲ, ನಾಲ್ಕು. ಉತ್ತರ ಬರಲಿಲ್ಲ. ಅಂಗವಿಕಲರ ಡಬ್ಬಿಯ ಪಾಸಿಲ್ಲದೆ ಅವರು ಮಹಿಳೆಯರ ಡಬ್ಬಿಯಲ್ಲಿ ಹೋಗತೊಡಗಿದರು. ದಿವಾ, ಮುಂಬ್ರಾಗಳಲ್ಲಿ ಹತ್ತುವ ಜನರ ನಡುವೆ, ಬೆವರಿನ ಕಾವಿನಲ್ಲಿ, ಠಾಣೆ ಬರುವ ಹೊತ್ತಿಗೆ ಅಳಿಯ ಸತ್ತೇ ಹೋಗಿರುತ್ತಿದ್ದ. ಎರಡು ಸಲ ಇಳಿಯಲಾಗದೆ ದಾದರಿಗೆ ಹೋಗಿ ಬಂದರು. ಮೂರನೆಯ ಸಲ ಪ್ಲಾಟ್‌ಫಾರ್ಮಿನ ಮೇಲೆ ಮುಗ್ಗರಿಸಿ ಬಿದ್ದು ಮಣಿಕಟ್ಟು ಮುರಿಯಿತು. ಅಂಗೈಯೂ ಹೋಯಿತು, ಅದರ ಜೊತೆ ರೊಟ್ಟಿಯೂ ಹೋಯಿತು. ಚೆನ್ನಾಗಿ ನಡೆಯುತ್ತೀರಲ್ಲ ಎಂದ ಆ ಮನುಷ್ಯನನ್ನು ಆ ಪ್ಲಾಟ್‌ಫಾರ್ಮಿಗೆ ಎಳೆದು ತರಬೇಕೆಂದು ಎಷ್ಟು ದಿನ ಹಲ್ಲು ಕಡಿದಿದ್ದೇನೋ. ಆಮೇಲೆ ಹಲ್ಲು ಕಡಿದದ್ದು ನನ್ನ ಮೇಲೆಯೇ.

ತಂಗಿಯ ಮನೆಗೆಂದು ಊರಿಗೆ ಹೊರಟಾಗ ಕಲ್ಯಾಣ ಸ್ಟೇಷನ್ನಿಗೆ ಹೋಗಿದ್ದೆ. ಕೈಗೆ ಪ್ಲಾಸ್ಟರು, ಪಕ್ಕದಲ್ಲಿ ಎರಡು ಗಂಟು. "ನನ್ನಿಂದಲೇ ಹೀಗಾಯಿತು ಕಸ್ತೂರಕ್ಕ. ನಿಮ್ಮ ಮಾತು ಕೇಳಬೇಕಿತ್ತು," ಎಂದೆ. ಅವರು ಅಲ್ಲ ಎನ್ನುತ್ತಾರೆ ಎಂದು ಕಾದೆ. ಅನ್ನಲಿಲ್ಲ. "ನೀ ಭಾಳ ಚಂದ ನೋಡಕೊಂಡಿ ನನ್ನ," ಎಂದರು. "ಅಷ್ಟು ಚಂದ ನನ್ನ ಹಡದಾಕಿನೂ ನೋಡಕೊಂಡಿದ್ದಿಲ್ಲ." ಗಾಡಿ ಬಂತು. ಇಬ್ಬರು ಹಮಾಲರು ಅವರನ್ನು ಎತ್ತಿ ಒಳಗೆ ಕೂರಿಸಿದರು. ನನ್ನ ಕಾಲಿಗೆ ಆ ಮೆಟ್ಟಿಲು ಹತ್ತುವ ಬಲ ಇರಲಿಲ್ಲ.

ಕಳೆದ ಬೇಸಿಗೆಯಲ್ಲಿ ನನ್ನ ಕಚೇರಿಯವರು, ಮನೆಯಿಂದ ಕೆಲಸ ಸಾಕು, ಇನ್ನು ದಿನಾ ಬನ್ನಿ ಎಂದರು. ಅಷ್ಟು ವರ್ಷ ನಾಚಿಕೆಯಿಂದ ಹಾಕದಿದ್ದ ಸರ್ಟಿಫಿಕೇಟಿನ ಅರ್ಜಿ ಹಾಕಿದೆ. ಮಂಡಳಿಯ ದಿನ ಠಾಣೆ ಸ್ಟೇಷನ್ನಿನಿಂದ ಆಸ್ಪತ್ರೆಗೆ ಮಧ್ಯಾಹ್ನದ ಉರಿಬಿಸಿಲಿನಲ್ಲಿ ನಡೆದೆ. ಟವೆಲ್ ಇಲ್ಲ, ನೀರಿಲ್ಲ. ಗೇಟಿನ ಹೊರಗೆ ಒಂದು ಬಿಸಿ ಚಾ ಕುಡಿದೆ. ಒಳಗೆ ಹೋಗಿ ಎರಡು ಹೆಜ್ಜೆ ಇಡುವಷ್ಟರಲ್ಲಿ ಮೇಜಿನ ಅಂಚು ಹಿಡಿದು ಕುಸಿದೆ. ಡಾಕ್ಟರು ಕುರ್ಚಿಯಿಂದ ಎದ್ದು ಬಂದು ಎತ್ತಿದರು. ಐವತ್ತೈದು ಎಂದು ಬರೆದರು.

ಅದನ್ನು ಕಸ್ತೂರಕ್ಕನಿಗೆ ಹೇಳಲು ನನಗೆ ಎರಡು ವಾರ ಬೇಕಾಯಿತು. ಕೊನೆಗೊಂದು ಸಂಜೆ ಫೋನ್ ಮಾಡಿದೆ. ಅವರ ದನಿ ಸಣ್ಣದಾಗಿತ್ತು. ಈಗ ಹೆಚ್ಚಾಗಿ ಮಲಗಿಯೇ ಇರುತ್ತೇನೆ ಎಂದರು. ನಾನು ವಿಷಯ ಹೇಳಿದೆ.

"ಎಷ್ಟು ಗಂಟೇಕ ಹೋಗಿದ್ದಿ?" ಎಂದು ಕೇಳಿದರು.

"ಮಧ್ಯಾಹ್ನ."

"ನಡಕೋತ?"

"ಹ್ಞೂಂ. ನಡೆದೇ ಹೋದೆ."

ಅತ್ತ ಕಡೆ ಯಾರೋ ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು.

"ಚಲೋ ಆತು ಬಿಡು ತಂಗಿ," ಎಂದು ಫೋನ್ ಇಟ್ಟರು.

ಆಮೇಲೆ ಐದಾರು ಸಲ ಮಾಡಿದ್ದೇನೆ. ರಿಂಗಾಗುತ್ತದೆ, ಎತ್ತುವುದಿಲ್ಲ. ಎತ್ತದೇ ಇರಲಿ. ಅವರ ಜಾಗದಲ್ಲಿ ನಾನಿದ್ದರೂ ಎತ್ತುತ್ತಿರಲಿಲ್ಲ.