ಹಿಸಾನೊಳ ತೋಫು ಹುಡುಗ

ಟೋಕಿಯೊದ ಸೆಂಜು ಪೇಟೆಯ ತೊಕುಜಿ ನಲವತ್ತು ವರ್ಷ ಸೋಯಾಕಾಳು ಅರೆದು ಪನೀರಿನಂಥ ತೋಫು ಮಾಡಿದವನು. ಕೈ ಎಷ್ಟು ನಯವೋ ಬಾಯಿ ಅಷ್ಟೇ ಒರಟು. "ಇವತ್ತು ತೋಫು ಸ್ವಲ್ಪ ಗಟ್ಟಿ" ಎಂದ ಗಿರಾಕಿಗೆ "ನಿಮ್ಮ ಹಲ್ಲು ಸಡಿಲ" ಎನ್ನುವ ಪೈಕಿ. ಅಂಗಡಿ ಉಳಿದಿದ್ದು ಹೆಂಡತಿ ಹಿಸಾನೊಳ ಒಳ್ಳೆಯ ಮಾತಿನಿಂದ ಎಂಬುದು ಬೀದಿಗೆಲ್ಲ ಗೊತ್ತಿತ್ತು. ಅವನಿಗೂ ಗೊತ್ತಿತ್ತು, ಬಾಯಿಬಿಟ್ಟು ಹೇಳಿರಲಿಲ್ಲ.

ಗಿರಾಕಿಗಳಿಲ್ಲದ ಮಧ್ಯಾಹ್ನ ಹಿಸಾನೊ ಅಂಗೈಯಗಲದ ಯಂತ್ರ ಹಿಡಿದು ಗೇಮ್ ಆಡುತ್ತಿದ್ದಳು. ಅದರಲ್ಲಿ ಟೋಕಿಯೊ ಹಾಳುಬಿದ್ದಿದೆ, ಬೀದಿ ತುಂಬ ದೆವ್ವಗಳು. ಮಾತಾಡಿ ಒಲಿಸಿಕೊಂಡರೆ ದೆವ್ವ ನಮ್ಮ ಕಡೆ ಬರುತ್ತದೆ, ಅದಕ್ಕೆ ಬೇಕಾದ ಹೆಸರಿಡಬಹುದು. ಎರಡು ದೆವ್ವಗಳನ್ನು ಬೆರೆಸಿದರೆ ಬಲವಾದ ಮೂರನೆಯದು ಹುಟ್ಟುತ್ತದೆ. ಬೆರೆತ ಎರಡೂ ಇಲ್ಲವಾಗುತ್ತವೆ.

"ಅರವತ್ತಕ್ಕೆ ಅರಳುಮರಳು ಅಂತಾರೆ. ನಿಂಗೆ ಎರಡು ವರ್ಷ ಮೊದ್ಲೇ ಬಂತು" ಎಂದು ತೊಕುಜಿ ರೇಗಿಸುತ್ತಿದ್ದ.

"ದೆವ್ವಗಳು ಕೇಳಿದ್ದಕ್ಕೆ ಉತ್ತರನಾದ್ರೂ ಕೊಡ್ತಾವೆ ರೀ. ಮನೇಲಿ ಅದೂ ಇಲ್ಲ."

ಆ ವರ್ಷ ಅವಳ ಹೊಟ್ಟೆಯಲ್ಲಿ ಗಡ್ಡೆ ಎಂದರು ಡಾಕ್ಟರು. ಚಳಿಗಾಲದ ಹೊತ್ತಿಗೆ ಯಂತ್ರ ಹಿಡಿಯುವ ಶಕ್ತಿಯೂ ಉಳಿಯಲಿಲ್ಲ. ಆಟದಲ್ಲಿ ಕೊನೆಯ ದೆವ್ವರಾಜನೊಬ್ಬ ಬಾಕಿ ಇದ್ದ. "ಅವನು ಬಿದ್ಮೇಲೆ ಏನಾಗುತ್ತೋ, ನೋಡ್ಬೇಕಿತ್ತು" ಎಂದಳು ಆಸ್ಪತ್ರೆಯ ಮಂಚದಿಂದ. ಅವಳು ಕಣ್ಣು ಮುಚ್ಚುವ ಮೊದಲು ಅದೊಂದನ್ನು ತೋರಿಸಿಬಿಡಬೇಕೆಂದು ತೊಕುಜಿ ಹಟಕ್ಕೆ ಬಿದ್ದ.

ಎಡವಿ ಎಡವಿ ಗುಂಡಿ ಒತ್ತುವುದು ಕಲಿತ. ಅವಳ ಹನ್ನೆರಡು ದೆವ್ವಗಳಲ್ಲಿ ಒಂದು ತೀರಾ ಅಶಕ್ತ: ದೊಡ್ಡ ತಲೆ, ಬಿದಿರ ಟೋಪಿ, ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ತೋಫು. ಹೆಸರು ಮಿನೊರು ಎಂದಿತ್ತು. 'ತೋಫು ಹೊತ್ತು ಯಾವನಾದ್ರೂ ಯುದ್ಧಕ್ಕೆ ಹೋಗ್ತಾನಾ' ಎಂದು ನಕ್ಕು, ಅವನನ್ನು ಒಂದು ಕಾಗೆಭೂತದೊಂದಿಗೆ ಬೆರೆಸಿಬಿಟ್ಟ. ಕಬ್ಬಿಣದ ಸೇನಾಪತಿಯೊಬ್ಬ ಎದ್ದು ಬಂದ. ಆಟವನ್ನು ಹಾಗೆಯೇ ಸೇವ್ ಮಾಡಿದ, ಇನ್ನು ಹಿಂದಕ್ಕೆ ಹೋಗುವಂತಿರಲಿಲ್ಲ. ಮೂರನೆಯ ದಿನ ರಾಜ ಬಿದ್ದ.

"ಗೆದ್ದೆ ಕಣೇ. ಕೊನೇದಷ್ಟು ನೀನೇ ನೋಡು."

ಹಿಸಾನೊ ಕೊನೆಯನ್ನು ನೋಡಲಿಲ್ಲ. ದೆವ್ವಗಳ ಪಟ್ಟಿ ತೆರೆದಳು, ಮೇಲಿಂದ ಕೆಳಗೆ ಓದಿದಳು, ಇನ್ನೊಮ್ಮೆ ಓದಿದಳು.

"ತೋಫು ಹುಡುಗ ಎಲ್ಲಿ ರೀ?"

"ಅವನಾ? ಅವನನ್ನ ಬೆರೆಸಿದ್ದಕ್ಕೇ ಗೆದ್ದಿದ್ದು."

ಅವಳು ಯಂತ್ರವನ್ನು ಹೊದಿಕೆಯ ಮೇಲಿಟ್ಟಳು. "ಗಂಡಾದ್ರೆ ಮಿನೊರು ಅಂದ್ಕೊಂಡಿದ್ದೆ, ಆಗ" ಎಂದಳು.

ಮೂವತ್ತು ವರ್ಷದ ಹಿಂದೆ ಆರು ತಿಂಗಳಿಗೇ ಹೊಟ್ಟೆಯಲ್ಲೇ ಹೋದ ಮಗು ಅದು. ಅದು ಹೋದ ಮರುದಿನ ಬೆಳಿಗ್ಗೆ ತೊಕುಜಿ ಎಂದಿನಂತೆ ಒಲೆ ಹಚ್ಚಿದ್ದ. ಹೆಸರು ಯೋಚಿಸಿದ್ದೆಯಾ ಎಂದು ಅವನು ಕೇಳಿರಲಿಲ್ಲ, ಅವಳು ಹೇಳಿರಲಿಲ್ಲ.

ಈಗ ಅವನು ಆಟವನ್ನು ಮೊದಲಿನಿಂದ ಶುರು ಮಾಡಿದ. ಆಸ್ಪತ್ರೆಯ ಪಡಸಾಲೆಯಲ್ಲಿ ಕೂತು ತೋಫು ಹುಡುಗನನ್ನು ಹುಡುಕಿದ. "ನನ್ನನ್ನು ಕಂಡರೆ ನಗು ಬರುತ್ತಾ?" ಎಂದು ಕೇಳಿತು ದೆವ್ವ. ಬರುತ್ತದೆ ಎಂದು ಒತ್ತಿದ, ಓಡಿಹೋಯಿತು. ಮರುದಿನ ಇಲ್ಲ ಎಂದ, ಸುಳ್ಳುಗಾರ ಎಂದು ಮತ್ತೆ ಓಡಿತು. ಹುಟ್ಟಿದಂದಿನಿಂದ ಯಾರನ್ನೂ ಓಲೈಸದ ಮನುಷ್ಯ, ಪಾಪ, ಎಲ್ಲಿಂದ ತಂದಾನು ಮಾತು? ಹನ್ನೊಂದನೆಯ ದಿನ ದೆವ್ವ ಕೇಳಿತು: "ನಾನು ಬಂದರೆ ನಿನಗೇನು ಲಾಭ?" ಮೂರು ಉತ್ತರಗಳಿದ್ದವು. "ಏನೂ ಇಲ್ಲ, ಸುಮ್ಮನೆ ಬಾ" ಎಂಬುದನ್ನು ಒತ್ತಿದ. ಹುಡುಗ ಬಂದ.

ಹಿಸಾನೊಗೆ ಅಷ್ಟು ಹೊತ್ತಿಗೆ ಕಣ್ಣು ತೆರೆಯುವುದೇ ಕಷ್ಟವಾಗಿತ್ತು. ಅವನು ಯಂತ್ರವನ್ನು ಅವಳ ಮುಖದ ಹತ್ತಿರ ಹಿಡಿದ.

"ಬಂದಿದ್ದಾನೆ ನೋಡೇ."

ಅವಳು ನೋಡಿದಳು. "ಇವನು ಅವನಲ್ಲ ರೀ."

ತೊಕುಜಿ ತಲೆ ತಗ್ಗಿಸಿದ. ಅವನಿಗೂ ಅದು ಗೊತ್ತಿತ್ತು.

"ಹೆಸರು ನೀವೇ ಇಟ್ರಾ?"

"ಹೂಂ."

"ಒಂದ್ಸಲ ಕರೀರಿ. ಬಾಯಿಬಿಟ್ಟು."

ತೊಕುಜಿ ಎರಡು ಸಲ ಕೆಮ್ಮಿದ. "ಮಿನೊರು" ಎಂದ. ಇನ್ನೊಮ್ಮೆ ಕರೆಯಹೋಗಿ ಮಂಚದ ಅಂಚಿಗೆ ಹಣೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತ. ಪಕ್ಕದ ಮಂಚದವರು ಪರದೆ ಎಳೆದುಕೊಂಡರು.

ಹಿಸಾನೊ ಅವನ ತಲೆಯ ಮೇಲೆ ಕೈಯಿಟ್ಟಳು.

"ಇಷ್ಟು ವರ್ಷ ನಾನೊಬ್ಬಳೇ ಅಳ್ತಿದ್ದೆ" ಎಂದಳು.