ಮೇಣ ಕೆನೆ ಕಟ್ಟುವ ಮೊದಲು

ಖಾನಾಪುರದ ಹೆಂಚಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಒಬ್ಬನ ಬಲಗೈ ನನ್ನಿಂದ ಕೆಟ್ಟಿತು. ಅದರ ತಪ್ಪನ್ನು ಹೊತ್ತುಕೊಂಡವರು ಬೇರೆ ಇಬ್ಬರು, ಇಬ್ಬರೂ ಹೆಣ್ಣುಮಕ್ಕಳು. ಇದನ್ನು ನಾನು ನನ್ನ ಹೆಂಡತಿಗೂ ಹೇಳಿರಲಿಲ್ಲ. ಅವಳು ಹೋಗಿ ಮೂರು ವರ್ಷವಾಯಿತು. ಇನ್ನು ಹೇಳದಿದ್ದರೆ ನನ್ನ ಜೊತೆಗೇ ಹೋಗುತ್ತದೆ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಬೆಳಗಾವಿಯಲ್ಲಿ ವಿಶ್ವವಿದ್ಯಾಲಯದ ಒಂದು ಕಾಲೇಜಿನ ಫಿಜಿಯೊಥೆರಪಿ ವಿಭಾಗಕ್ಕೆ ನಾನು ಅಟೆಂಡರ್. ಓದಿದ್ದು ಮ್ಯಾಟ್ರಿಕ್. ನಮ್ಮಪ್ಪ ತಾಲೀಮಿನ ಗರಡಿಯಲ್ಲಿ ಪೈಲವಾನರ ಮೈ ತಿಕ್ಕುತ್ತಿದ್ದರು. ಉಳುಕು ತೆಗೆಯುವುದನ್ನು, ಕೀಲು ಕೂರಿಸುವುದನ್ನು ಅವರ ಪಕ್ಕದಲ್ಲಿ ಕೂತು ಕಲಿತಿದ್ದೆ. ಕಾಗದದ ಮೇಲೆ ನನ್ನ ಕೆಲಸ ಮಂಚ ಒರೆಸುವುದು, ಮೇಣ ಕಾಯಿಸುವುದು. ಆದರೆ ವಿದ್ಯಾರ್ಥಿಗಳು ಮಾಸ್ತರರ ಕಣ್ಣು ತಪ್ಪಿಸಿ ನನ್ನ ಹತ್ತಿರ ಬಂದು, ಈ ಮೊಣಕಾಲು ಹೇಗೆ ಹಿಡಿಯಬೇಕು ತೋರಿಸಿ ಅಣ್ಣಾ ಎನ್ನುತ್ತಿದ್ದರು. ಸಂಬಳಕ್ಕಿಂತ ಆ ಮಾತೇ ನನಗೆ ದೊಡ್ಡದಾಗಿತ್ತು.

ಗುರುವಾರಕ್ಕೊಮ್ಮೆ ಕಾಲೇಜಿನ ವ್ಯಾನು ಮಚ್ಛೆ ದಾಟಿ ಖಾನಾಪುರಕ್ಕೆ ಹೋಗುತ್ತಿತ್ತು. ಅಲ್ಲಿ ಹಳೆಯ ಗೋದಾಮೊಂದನ್ನು ಕ್ಲಿನಿಕ್ ಮಾಡಿದ್ದರು. ಹಳ್ಳಿಯವರಿಗೆ ಚಿಕಿತ್ಸೆ, ವಿದ್ಯಾರ್ಥಿಗಳಿಗೆ ಪಾಠ, ಎರಡೂ ಅಲ್ಲೇ. ಒಂದು ವರ್ಷ ಅದರ ಉಸ್ತುವಾರಿಗೆ ಹೊಸ ಮೇಡಮ್ ಬಂದರು. ಮೈಸೂರು ಕಡೆಯವರು, ಮೂವತ್ತೈದರ ಆಸುಪಾಸು.

ಮೊದಲ ಗುರುವಾರವೇ ಶುರುವಾಯಿತು. ನಾನು ಒಬ್ಬ ಮುದುಕನ ಬಿಗಿದ ಭುಜವನ್ನು ಎಳೆಯುತ್ತಿದ್ದೆ, ಸುತ್ತ ಎಂಟು ಹತ್ತು ವಿದ್ಯಾರ್ಥಿಗಳು. ಮೇಡಮ್ ಹಿಂದಿನಿಂದ ಬಂದು, "ಕೈ ತೆಗೀರಿ" ಎಂದರು. ತೆಗೆದೆ. ಅವರು ವಿದ್ಯಾರ್ಥಿಗಳ ಕಡೆ ತಿರುಗಿ, "ಇವರು ಇಲ್ಲಿ ಅಟೆಂಡರ್. ಇವರಿಂದ ಯಾರೂ ಏನೂ ಕಲೀಬೇಡಿ" ಎಂದರು. ದನಿ ಏರಿಸಲಿಲ್ಲ. ಮುದುಕ ಬೇರೆ ಮೇಡಮ್ ಕಡೆ ನೋಡಿ ನಕ್ಕು, "ಚಲೋ ಆತ್ರಿ ಬಾಯಾರ, ಜೀವ ಹೋಗಾಕತ್ತಿತ್ತು, ಮಂದ್ಯಾಗ ಹೆಂಗ ಒದರೋದಂತ ಸುಮ್ಮನಿದ್ದೆ" ಎಂದ. ಹುಡುಗರೆಲ್ಲ ನಕ್ಕರು. ಮೇಡಮ್ ಹೇಳಿದ್ದು ಸರಿಯಾಗಿತ್ತು. ನನಗೆ ಆಗಲೂ ಗೊತ್ತಿತ್ತು. ಅದಕ್ಕೇ ಸಿಟ್ಟು ಇಳಿಯಲಿಲ್ಲ.

ಆಮೇಲೆ ನಾನು ಮಾಡಿದ್ದು ಸಣ್ಣತನ. ಅವರು ಕೇಳಿದ ಸಾಮಾನನ್ನು ಎರಡು ಸಲ ಕೇಳಿಸಿಕೊಂಡೇ ತರುತ್ತಿದ್ದೆ. ವ್ಯಾನಿನಲ್ಲಿ ಹಿಂದಿನ ಸೀಟಿನಲ್ಲಿ ಕೂತು ಅವರ ಮಾತಿನ ಧಾಟಿಯನ್ನು ಅಣಕಿಸುತ್ತಿದ್ದೆ. ಅವರಿಗೆ ಮರಾಠಿ ಬರದೆಂದು, ಅವರೆದುರೇ ರೋಗಿಗಳ ಜೊತೆ ಮರಾಠಿಯಲ್ಲಿ ಅವರನ್ನೇ ಆಡಿಕೊಳ್ಳುತ್ತಿದ್ದೆ. ನಾಲ್ಕು ತಿಂಗಳಾದ ಮೇಲೆ ಒಂದು ದಿನ ವ್ಯಾನಿನಿಂದ ಇಳಿಯುತ್ತ, ನನ್ನ ಕಡೆ ನೋಡದೆ, ನನಗೆ ಎಲ್ಲಾ ತಿಳಿಯುತ್ತದೆ ಎಂದು ಮರಾಠಿಯಲ್ಲೇ ಹೇಳಿ ಹೋದರು. ಅಂದಿನಿಂದ ನಮ್ಮಿಬ್ಬರ ನಡುವೆ ಕೆಲಸದ ಮಾತೂ ಕಡಿಮೆಯಾಯಿತು. ಏನಾದರೂ ಬೇಕಾದರೆ ಚೀಟಿ ಬರೆದು ಕಳಿಸುತ್ತಿದ್ದರು.

ಖಾನಾಪುರದ ಜನಕ್ಕೆ ಎಲ್ಲಕ್ಕಿಂತ ಇಷ್ಟವಾದದ್ದು ಮೇಣ. ಕರಗಿದ ಮೇಣದಲ್ಲಿ ಕೈಯನ್ನು ಏಳೆಂಟು ಸಲ ಅದ್ದಿ ತೆಗೆದು, ಟವೆಲ್ ಸುತ್ತಿ ಇಪ್ಪತ್ತು ನಿಮಿಷ ಕೂರಿಸಿದರೆ ಬಿಗಿದ ಬೆರಳು ಸಡಿಲಾಗುತ್ತವೆ. ಕರೆಂಟಿನ ಭರವಸೆ ಇಲ್ಲದ್ದರಿಂದ ನಾನು ಸ್ಟೋವಿನ ಮೇಲೆ ಕಾಯಿಸುತ್ತಿದ್ದೆ. ಇಳಿಸಿದ ಮೇಲೆ ಪಾತ್ರೆಯ ಅಂಚಿನಲ್ಲಿ ತೆಳ್ಳಗೆ ಬಿಳಿ ಕೆನೆ ಕಟ್ಟುವತನಕ ಕಾಯಬೇಕು. ಅದಕ್ಕೂ ಮೊದಲು ಅದ್ದಿದರೆ ಸುಡುತ್ತದೆ. ನಾನು ಅಷ್ಟು ಕಾಯುತ್ತಿರಲಿಲ್ಲ. ಬಿಸಿ ಹೆಚ್ಚಿದ್ದಷ್ಟೂ ಜನ ನನ್ನ ಮೇಣವನ್ನು ಹೊಗಳುತ್ತಿದ್ದರು. ಚುರುಕ್ ಎಂದರೆ ತಾವೇ ಕೈ ಎಳೆದುಕೊಳ್ಳುತ್ತಿದ್ದರು, ಹೀಗಾಗಿ ಯಾರಿಗೂ ಏನೂ ಆಗಿರಲಿಲ್ಲ.

ಮೇಡಮ್ ಒಂದು ನೇಮ ತಂದರು. ಮೇಣಕ್ಕೆ ಮೊದಲು ಚರ್ಮಕ್ಕೆ ಬಿಸಿ ತಿಳಿಯುತ್ತದೋ ಇಲ್ಲವೋ ನೋಡಲೇಬೇಕು. ಎರಡು ಗಾಜಿನ ನಳಿಗೆ, ಒಂದರಲ್ಲಿ ಬಿಸಿನೀರು, ಒಂದರಲ್ಲಿ ತಣ್ಣೀರು. ರೋಗಿ ಕಣ್ಣು ಮುಚ್ಚಬೇಕು, ವಿದ್ಯಾರ್ಥಿ ಮುಟ್ಟಿಸಿ "ಈಗ?" ಎನ್ನಬೇಕು, ರೋಗಿ ಬಿಸಿಯೋ ತಂಪೋ ಹೇಳಬೇಕು. ಹೇಳಲಾಗದವರಿಗೆ ಮೇಣ ಇಲ್ಲ. ಯಾವುದು ಮೊದಲೆಂದು ರೋಗಿಗೆ ಅಂದಾಜು ಸಿಗದಂತೆ ಅದಲುಬದಲು ಮಾಡಿ ಎಂದು ಅವರು ಪ್ರತಿ ವಾರ ಹೇಳುತ್ತಿದ್ದರು. ಆದರೆ ಬಿಸಿನೀರು ಬೇಗ ಆರುತ್ತದೆ. ಆರುವ ಮೊದಲು ಮುಗಿಸಬೇಕೆಂಬ ಅವಸರಕ್ಕೆ ವಿದ್ಯಾರ್ಥಿಗಳೆಲ್ಲ ಬಿಸಿಯಿಂದಲೇ ಶುರುಮಾಡುತ್ತಿದ್ದರು: ಬಿಸಿ, ತಂಪು, ಬಿಸಿ, ತಂಪು. ಇದನ್ನು ಮೇಡಮ್ ಗಮನಿಸಿರಲಿಲ್ಲ. ನಳಿಗೆ ತುಂಬಿಸಿಕೊಡುತ್ತಿದ್ದ ನಾನು ಗಮನಿಸಿದ್ದೆ.

ಆ ಮಳೆಗಾಲದಲ್ಲಿ ಬಂದವನೇ ಹೆಂಚಿನ ಕಾರ್ಖಾನೆಯವನು. ಇಪ್ಪತ್ತೈದರ ಪ್ರಾಯ, ಮದುವೆಯಾಗಿ ವರ್ಷವಾಗಿತ್ತು. ಒಡೆದ ಹೆಂಚು ಮಣಿಕಟ್ಟನ್ನು ಸೀಳಿ ನರ ಕತ್ತರಿಸಿತ್ತು. ಹೊಲಿಗೆ ಹಾಕಿದ್ದರು, ಆದರೆ ಕಿರುಬೆರಳು, ಉಂಗುರದ ಬೆರಳು ಎರಡೂ ಮರಗಟ್ಟಿದ್ದವು, ಮಡಚುತ್ತಿರಲಿಲ್ಲ. ಮಳೆಗಾಲದಲ್ಲಿ ಹಸಿ ಹೆಂಚು ಒಣಗದೆ ಕಾರ್ಖಾನೆ ಅರ್ಧ ನಿಂತಿರುತ್ತಿತ್ತು. ದಸರೆಗೆ ಮತ್ತೆ ಪೂರ್ತಿ ಶುರುವಾದಾಗ ಮುಷ್ಟಿ ಕಟ್ಟಿ ತೋರಿಸಿದರೆ ಅವನ ಜಾಗ ಅವನಿಗೆ, ಇಲ್ಲದಿದ್ದರೆ ಬೇರೆಯವರಿಗೆ ಎಂದು ಮಾಲೀಕ ಹೇಳಿದ್ದ.

ಮೇಡಮ್ ಅವನಿಗೆ ಮೇಣ ಕೊಡಲಿಲ್ಲ. ನಳಿಗೆ ಮುಟ್ಟಿಸಿದಾಗ ಅವನು ಆ ಎರಡು ಬೆರಳುಗಳಲ್ಲಿ ಏನೂ ತಿಳಿಯುವುದಿಲ್ಲ ಎಂದಿದ್ದ. ಅದರ ಬದಲು ಅವನ ಕಾರ್ಖಾನೆಯಿಂದಲೇ ಹದ ಮಾಡಿದ ಜೇಡಿಮಣ್ಣು ತರಿಸಿ, ಅದನ್ನು ಹಿಸುಕುವ ಕೆಲಸ ಕೊಟ್ಟರು. ತಾವೇ ಎದುರು ಕೂತು ಒಂದೊಂದೇ ಬೆರಳು ಹಿಡಿದು ಮಡಚಿಸುತ್ತಿದ್ದರು. ಐದನೆಯ ವಾರಕ್ಕೆ ಉಂಗುರದ ಬೆರಳು ಅಂಗೈ ಕಡೆಗೆ ಬಾಗಿತ್ತು. ಅದು ನನಗೂ ಕಾಣಿಸಿತ್ತು. ಅವನಿಗೆ ಮಾತ್ರ ಕಾಣಿಸಲಿಲ್ಲ.

"ಹುಟ್ಟಿದಾಗಿಂದ ಮಣ್ಣ ಹಿಚುಕೀನ್ರಿ ಅಣ್ಣಾರ. ಅದನ್ನಽ ಮಾಡಾಕ ದವಾಖಾನಿಗೆ ಯಾಕ ಬರಬೇಕು?" ಎಂದು ಅವನು ಸ್ಟೋವಿನ ಹತ್ತಿರ ಬಂದು ಗೊಣಗಿದ. ಎಲ್ಲರಿಗೂ ಮೇಣ ಕೊಡುತ್ತಾರೆ, ತನಗೇ ಇಲ್ಲ, ಬಾಯಾರಿಗೆ ತನ್ನ ಮೇಲೆ ಏನೋ ಸಿಟ್ಟಿದೆ ಎಂದ. ದಸರೆಗೆ ಆರು ವಾರ ಉಳಿದಿದ್ದವು.

ನಾನು ಅವನನ್ನು ಹತ್ತಿರ ಕರೆದೆ. "ತಮ್ಮಾ, ಕಣ್ಣ ಮುಚ್ಚು ಅಂದಾಗ ಮುಚ್ಚು. ಅವರು 'ಈಗ' ಅಂದಾಗೊಮ್ಮೆ ಮೊದಲ ಬಿಸಿ ಅನ್ನು, ಆಮ್ಯಾಲ ತಂಪ ಅನ್ನು. ಹಂಗಽ ಹೇಳ್ಕೋತ ಹೋಗು. ಮುಂದಿಂದು ನನಗ ಬಿಡು."

ಅವನ ಮೇಲಿನ ಕನಿಕರಕ್ಕೆ ಹೇಳಿದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಮೇಡಮ್ ಅವರ ಮಣ್ಣಿನಿಂದ ಆಗದ್ದು ನನ್ನ ಮೇಣದಿಂದ ಆಯಿತು ಎಂದು ಖಾನಾಪುರವೆಲ್ಲ ಹೇಳಬೇಕಿತ್ತು ನನಗೆ.

ಮುಂದಿನ ಗುರುವಾರ ಮೇಡಮ್ ಪೋಲಿಯೊ ಆದ ಮಗುವೊಂದನ್ನು ನಡೆಸುವುದರಲ್ಲಿದ್ದರು. ಹೆಂಚಿನ ಕಾರ್ಖಾನೆಯವನ ಪರೀಕ್ಷೆ ಮಾಡಿದ್ದು ಕೊನೆಯ ವರ್ಷದ ಒಬ್ಬ ವಿದ್ಯಾರ್ಥಿನಿ. ಅವನು ತಪ್ಪಿಲ್ಲದೆ ಬಿಸಿ, ತಂಪು, ಬಿಸಿ, ತಂಪು ಎಂದ. ಹುಡುಗಿ ಖುಷಿಯಿಂದ ಓಡಿಹೋಗಿ, ಸ್ಪರ್ಶ ಬಂದಿದೆ ಮೇಡಮ್ ಎಂದಳು. ಅವರ ಎರಡೂ ಕೈಯಲ್ಲಿ ಮಗು. ತಲೆಯಾಡಿಸಿದರು. ಹುಡುಗಿ ಕಾರ್ಡಿನ ಮೇಲೆ ಬರೆದು ಸಹಿ ಮಾಡಿ ಅವನನ್ನು ನನ್ನ ಹತ್ತಿರ ಕಳಿಸಿದಳು.

ಮೇಣ ಆಗಷ್ಟೇ ಇಳಿಸಿದ್ದೆ, ಕೆನೆ ಕಟ್ಟಿರಲಿಲ್ಲ. ಅವನು ಮೊದಲ ಮೂರು ಬೆರಳನ್ನು ಚುರುಕ್ಕೆಂದು ಮೇಲೆತ್ತಿದ. ಮಿಕ್ಕ ಎರಡು ಒಳಗೇ ಇದ್ದವು. "ತಾಳಕೊ, ಬಿಸಿ ಇದ್ದರಽ ಗುಣ" ಎಂದೆ. ಎಂಟು ಸಲ ಅದ್ದಿಸಿದೆ. ಟವೆಲ್ ಬಿಚ್ಚಿ ಮೇಣ ಸುಲಿದಾಗ ಆ ಎರಡೂ ಬೆರಳ ಉದ್ದಕ್ಕೂ ಚರ್ಮ ಬೆಳ್ಳಗಾಗಿ, ಮೇಣದ ಜೊತೆಗೇ ಎದ್ದು ಬಂತು. ಅವನು ಇನ್ನೂ ನಗುತ್ತಿದ್ದ. ನನ್ನ ಮುಖ ನೋಡಿದ ಮೇಲೆಯೇ ಅವನು ಕೈ ನೋಡಿಕೊಂಡದ್ದು.

ಗಾಯ ಕೀವಾಯಿತು, ಎರಡು ತಿಂಗಳು ಮಾಯಲಿಲ್ಲ. ಮಾಯ್ದಾಗ ಎರಡೂ ಬೆರಳು ಕೊಕ್ಕೆಯಂತೆ ಸೆಟೆದು ನಿಂತಿದ್ದವು. ದಸರೆ ಕಳೆದಿತ್ತು. ಅವನ ಜಾಗಕ್ಕೆ ಬೇರೊಬ್ಬ ಬಂದಿದ್ದ.

ಕಾಲೇಜಿನಲ್ಲಿ ವಿಚಾರಣೆ ನಡೆಯಿತು. ಅದಕ್ಕೂ ಮೊದಲು ಮೇಡಮ್ ಆ ವಿದ್ಯಾರ್ಥಿನಿಯನ್ನೂ ನನ್ನನ್ನೂ ಕೋಣೆಗೆ ಕರೆದರು. ಹುಡುಗಿ ಅಳುತ್ತ, ಅವನು ಎಲ್ಲಾ ಸರಿಯಾಗಿ ಹೇಳಿದ ಎಂದಳು. ಯಾವ ಕ್ರಮದಲ್ಲಿ ಮುಟ್ಟಿಸಿದಿರಿ ಎಂದು ಮೇಡಮ್ ಕೇಳಿದರು. ಹುಡುಗಿ ಹೇಳಿದಳು. ಅವರು ನನ್ನ ಕಡೆ ತಿರುಗಿದರು.

"ನೀವು ಅವನಿಗೆ ಏನಾದ್ರೂ ಹೇಳಿಕೊಟ್ರಾ?"

"ನಾ ಅಟೆಂಡರ್ ರೀ ಮೇಡಮ್. ನನ್ನಿಂದ ಯಾರೂ ಏನೂ ಕಲೀಬಾರದಂತ ನೀವಽ ಹೇಳೀರಲ್ಲ."

ನನ್ನನ್ನು ನೋಡಿದ ರೀತಿಯಿಂದ ಅವರಿಗೆ ತಿಳಿಯಿತೆಂದೇ ಅಂದುಕೊಂಡೆ. ಆದರೆ ತೋರಿಸಲು ಸಾಕ್ಷಿ ಇರಲಿಲ್ಲ. ವಿಚಾರಣೆಯಲ್ಲಿ ಅವನು ನನ್ನ ಹೆಸರು ಹೇಳಲಿಲ್ಲ. ನಾನೊಬ್ಬನೇ ತನ್ನ ಕಡೆಯವನು ಎಂದು ನಂಬಿದ್ದ. ಮೇಣ ಕೆನೆ ಕಟ್ಟಿತ್ತೇ ಎಂದು ಪ್ರಿನ್ಸಿಪಾಲರು ಕೇಳಿದಾಗ ಕಟ್ಟಿತ್ತು ಎಂದೆ. ಹುಡುಗಿಗೆ ಆ ವರ್ಷ ಪರೀಕ್ಷೆಗೆ ಕೂರಲು ಬಿಡಲಿಲ್ಲ, ಅವಳು ಮರಳಿ ಬರಲೂ ಇಲ್ಲ. ಮೇಡಮ್ ತಪ್ಪು ತಮ್ಮದೇ ಎಂದು ಬರೆದುಕೊಟ್ಟು ಕೆಲಸ ಬಿಟ್ಟು ಹೋದರು. ಖಾನಾಪುರದ ಕ್ಲಿನಿಕ್ಕಿಗೆ ಬೀಗ ಬಿತ್ತು.

ಏಳು ವರ್ಷವಾದ ಮೇಲೆ ಕಾಲೇಜು ಅದನ್ನು ಮತ್ತೆ ತೆರೆಯಿತು. ಊರಲ್ಲಿ ಹೇಳಿ ಬಾ ಎಂದು ನನ್ನನ್ನು ಮುಂಚೆಯೇ ಕಳಿಸಿದರು. ಕೇಳಿದವರದೆಲ್ಲ ಒಂದೇ ಮಾತು: ಅಲ್ಲಿಗೆ ಹೋದರೆ ಕೈ ಸುಡುತ್ತಾರೆ. ಯಾರು ಹೇಳಿದರು ಎಂದರೆ ಬಸ್ ಸ್ಟ್ಯಾಂಡಿನ ಕಡೆ ಬೆರಳು ತೋರಿಸಿದರು. ಅವನು ಅಲ್ಲಿ ಎಡಗೈಯಲ್ಲಿ ಶೇಂಗಾ ಪೊಟ್ಟಣ ಕಟ್ಟಿ ಮಾರುತ್ತಿದ್ದ. ನನ್ನನ್ನು ಕಂಡು ಎದ್ದು ನಿಂತ, ಕೂರಲು ತನ್ನ ಪೆಟ್ಟಿಗೆ ಸರಿಸಿದ. ಬಂದವರಿಗೆಲ್ಲ ಬಲಗೈ ಚಾಚಿ, ಇದು ಆ ಮೈಸೂರು ಬಾಯಿ ಮಾಡಿದ್ದು ಎಂದು ತೋರಿಸುವುದು ಅವನ ರೂಢಿಯಾಗಿತ್ತು. ನನಗೂ ಅದನ್ನೇ ಶುರುಮಾಡಿದ. ಸುಮ್ಮನಿರು, ಹೀಗೆ ಹೇಳಬೇಡ ಎನ್ನಲು ಹೋದವನು, ತಡೆಯಲಾಗದೆ ಎಲ್ಲವನ್ನೂ ಹೇಳಿಬಿಟ್ಟೆ. ಕ್ರಮ ಹೇಳಿಕೊಟ್ಟದ್ದು, ಕೆನೆ ಕಟ್ಟದ ಮೇಣ, ಎಲ್ಲ.

ಅವನು ಕಟ್ಟುತ್ತಿದ್ದ ಪೊಟ್ಟಣವನ್ನು ಕೆಳಗಿಟ್ಟ.

"ಏಳ ವರ್ಷ ಆತು, ಬಂದವರಿಗೆಲ್ಲ ಆಕಿನ್ನ ಬೈಕೋತ ಕುಂತೀನಿ," ಎಂದ. "ಆಕಿ ನನ್ನ ಬೆರಳ ಮಡಚಾಕ ಹತ್ತಿದ್ಲು. ಹೌದಿಲ್ಲೋ?"

ಹೌದು ಎಂದೆ.

"ಹಂಗಾರ ಏಳು. ಈ ಮಂದಿ ಮುಂದ ನಿಂತು, ಈಗ ನನಗ ಹೇಳಿದ್ಯಲ್ಲ, ಅದನ್ನಽ ಹೇಳು. ಒಂದ ಸಲ ಹೇಳಿದರ ಸಾಕು."

ಅಷ್ಟು ದಿನ ನನ್ನನ್ನು ಬಹುವಚನದಲ್ಲಿ ಕರೆಯುತ್ತಿದ್ದವನು ಈಗ ಏಕವಚನಕ್ಕೆ ಇಳಿದಿದ್ದ. ಬಸ್ಸಿಗೆ ಕಾಯುತ್ತಿದ್ದ ನಲವತ್ತು ಐವತ್ತು ಜನ ಇದ್ದರು. ಕೆಲವರು ಆಗಲೇ ನಮ್ಮ ಕಡೆ ನೋಡುತ್ತಿದ್ದರು. ನನ್ನ ನೌಕರಿ ಇನ್ನೂ ಹನ್ನೊಂದು ವರ್ಷವಿತ್ತು. ನಾನು ಎದ್ದೆ. ಬೆಳಗಾವಿಯ ಬಸ್ಸು ಬಂದು ನಿಂತಿತ್ತು. ನಾನು ಅದನ್ನು ಹತ್ತಿದೆ.

ಅವನು ಹಿಂದೆ ಬರಲಿಲ್ಲ, ಕೂಗಲೂ ಇಲ್ಲ. ಬಸ್ಸು ತಿರುಗುವಾಗ ಕಿಟಕಿಯಿಂದ ನೋಡಿದೆ. ಜನರ ನಡುವೆ ನಿಂತು, ಬಲಗೈ ಎತ್ತಿ ಏನೋ ಹೇಳುತ್ತಿದ್ದ. ಆ ದಿನ ಯಾರ ಹೆಸರು ಹೇಳಿದನೋ ನನಗೆ ಕೇಳಿಸಲಿಲ್ಲ.